ಪೋಲಿಷ್ ಕಾನೂನಿನ ಸಣ್ಣ ಅಪರಾಧಗಳ ಪದಗಳನ್ನು ಇಂಗ್ಲಿಷಿಗೆ ಅನುವಾದಿಸುವ ಬಗೆ

ಪೋಲೆಂಡಿನಲ್ಲಿ ಓದುವ ಅಥವಾ ದುಡಿಯುವ ಕನ್ನಡಿಗರ ಕೈಗೆ ಅಲ್ಲಿನ ಪೊಲೀಸರ ದಂಡದ ಚೀಟಿಯೋ ನ್ಯಾಯಾಲಯದ ಆದೇಶವೋ ಬಂದರೆ ಅದರ ಮೂಲ ಪ್ರತಿ ಪೋಲಿಷ್ ಭಾಷೆಯಲ್ಲಿರುತ್ತದೆ. ಕೆಲವು ವರ್ಷಗಳ ನಂತರ ಬೇರೊಂದು ದೇಶದ ವೀಸಾಕ್ಕೆ ಅರ್ಜಿ ಹಾಕುವಾಗ ಅಥವಾ ಹೊಸ ಉದ್ಯೋಗದ ಹಿನ್ನೆಲೆ ಪರಿಶೀಲನೆ ನಡೆಯುವಾಗ ಅದೇ ಕಾಗದವನ್ನು ಇಂಗ್ಲಿಷಿನಲ್ಲಿ ಒಪ್ಪಿಸಬೇಕಾಗುತ್ತದೆ. ಆಗ ನಿಘಂಟಿನಲ್ಲಿ ಮೊದಲಿಗೆ ಸಿಕ್ಕ ಪದವನ್ನು ಬರೆದುಬಿಟ್ಟರೆ, ಟ್ರ್ಯಾಮಿನಲ್ಲಿ ಟಿಕೆಟ್ ಇಲ್ಲದೆ ಪ್ರಯಾಣಿಸಿದವನು ವಂಚಕನಾಗಿಯೂ ರಾತ್ರಿ ಗದ್ದಲ ಮಾಡಿದವನು ಶಿಕ್ಷೆಗೊಳಗಾದ ಕ್ರಿಮಿನಲ್ ಆಗಿಯೂ ಕಾಣಿಸಿಕೊಳ್ಳುತ್ತಾನೆ. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಕೆಟ್ಟದ್ದು. ನಿಜವಾಗಿಯೂ ಅಪರಾಧವಾಗಿರುವುದನ್ನು ಹಗುರ ಪದದಲ್ಲಿ ಮುಚ್ಚಿದ ಅನುವಾದವು ಸುಳ್ಳು ಮಾಹಿತಿ ನೀಡಿದ ಆರೋಪಕ್ಕೆ ದಾರಿಯಾಗಬಹುದು. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ಅನುವಾದಕರನ್ನೂ ತಮ್ಮ ಕಾಗದವನ್ನು ತಾವೇ ಅರ್ಥಮಾಡಿಕೊಳ್ಳಬೇಕೆನ್ನುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲು ಸಂಹಿತೆ ಯಾವುದೆಂದು ನೋಡಿ

ಕೃತ್ಯದ ಹೆಸರನ್ನು ಓದುವ ಮುನ್ನ ಕಾನೂನಿನ ವಿಧಿಯ ಸಂಖ್ಯೆಯನ್ನೂ ಅದರ ಪಕ್ಕದಲ್ಲಿರುವ ಎರಡು ಅಕ್ಷರಗಳನ್ನೂ ಹುಡುಕಬೇಕು. ರೋಮನ್ ಲಿಪಿಯಲ್ಲಿ ಕೆ ಅಕ್ಷರ ಎರಡು ಬಾರಿ ಬಂದಿದ್ದರೆ ಅದು ‘ಕೊದೆಕ್ಸ್ ಕಾರ್ನಿ’, ಅಂದರೆ 1997ರ ಜೂನ್ 6ರ ದಂಡ ಸಂಹಿತೆ. ಇದು 1998ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಕೆ ಅಕ್ಷರದ ಪಕ್ಕದಲ್ಲಿ ಡಬ್ಲ್ಯು ಇದ್ದರೆ ಅದು ‘ಕೊದೆಕ್ಸ್ ವಿಕ್ರೊಚೆನ್’, ಅಂದರೆ 1971ರ ಮೇ 20ರ ಸಣ್ಣ ಅಪರಾಧಗಳ ಸಂಹಿತೆ. ಇವು ಎರಡು ಬೇರೆ ಬೇರೆ ಕಾನೂನುಗಳು. ಇವುಗಳ ಶಿಕ್ಷೆ, ವಿಚಾರಣೆಯ ಕ್ರಮ, ದಾಖಲೆಯ ಪರಿಣಾಮ ಎಲ್ಲವೂ ಬೇರೆ. ಅಕ್ಷರಗಳು ಮಸುಕಾಗಿದ್ದರೆ ಪ್ರಕರಣದ ಸಂಖ್ಯೆಯನ್ನು ನೋಡಬಹುದು. ಕೆಳ ಹಂತದ ನ್ಯಾಯಾಲಯವಾದ ‘ಸೊಂದ್ ರೆಯೊನೊವಿ’ಯಲ್ಲಿ ದಂಡ ಸಂಹಿತೆಯ ಪ್ರಕರಣಗಳ ಸಂಖ್ಯೆಯಲ್ಲಿ ವಿಭಾಗದ ರೋಮನ್ ಅಂಕಿಯ ನಂತರ ಕೆ ಅಕ್ಷರವೂ ಸಣ್ಣ ಅಪರಾಧಗಳ ಪ್ರಕರಣಗಳಲ್ಲಿ ಡಬ್ಲ್ಯು ಅಕ್ಷರವೂ ಇರುತ್ತದೆ.

ಈ ಒಂದು ಪರಿಶೀಲನೆಯನ್ನು ನಾನು ಎಲ್ಲಕ್ಕಿಂತ ಮುಂದಿಡಲು ಕಾರಣವಿದೆ. ಪೋಲೆಂಡಿನಲ್ಲಿ ಒಂದೇ ಹೆಸರಿನ ಕೃತ್ಯ ಎರಡೂ ಸಂಹಿತೆಗಳಲ್ಲಿ ಬರಬಹುದು. ಕಳ್ಳತನಕ್ಕೆ ಎರಡು ಕಡೆಯೂ ‘ಕ್ರಾಜೆಶ್’ ಎಂಬ ಒಂದೇ ಪದವಿದೆ. ಹಾಗಾಗಿ ಪದವೊಂದನ್ನೇ ನೋಡಿ ಅದರ ಗಾತ್ರವನ್ನು ಅಳೆಯಲಾಗದು; ಸಂಹಿತೆ ಗೊತ್ತಾದಾಗಲೇ ಅರ್ಥ ಪೂರ್ತಿಯಾಗುತ್ತದೆ.

ನಾಲ್ಕು ಮೂಲ ಪದಗಳು

ಪೋಲಿಷ್ ಕಾನೂನು ಅಪರಾಧಗಳನ್ನು ಹೀಗೆ ವಿಂಗಡಿಸುತ್ತದೆ. ‘ಪ್ಶೆಸ್ತೆಂಪ್‌ಸ್ತ್ವೊ’ ಎಂಬುದು ದಂಡ ಸಂಹಿತೆಯ ಅಪರಾಧಗಳಿಗೆ ಒಟ್ಟು ಹೆಸರು. ಅದರೊಳಗೆ ಎರಡು ಬಗೆಗಳಿವೆ. ಕನಿಷ್ಠ ಮೂರು ವರ್ಷಗಳ ಸೆರೆವಾಸ ಅಥವಾ ಅದಕ್ಕಿಂತ ಕಠಿಣ ಶಿಕ್ಷೆಯುಳ್ಳದ್ದು ‘ಜ್ಬ್ರೊದ್ನ್ಯಾ’. ಅದಕ್ಕಿಂತ ಕೆಳಗಿನದು ‘ವಿಸ್ತೆಂಪೆಕ್’. ಇವೆರಡರ ಹೊರಗೆ, ಬೇರೆಯೇ ಸಂಹಿತೆಯಲ್ಲಿ ‘ವಿಕ್ರೊಚೆನ್ಯೆ’ ಇದೆ. ಸಾಮಾನ್ಯವಾಗಿ ಇದಕ್ಕೆ ಐದು ದಿನಗಳಿಂದ ಮೂವತ್ತು ದಿನಗಳವರೆಗಿನ ಬಂಧನ, ಒಂದು ತಿಂಗಳ ಸ್ವಾತಂತ್ರ್ಯ ನಿರ್ಬಂಧ, 5,000 ಜ್ಲೋಟಿಯವರೆಗಿನ (ಜ್ಲೋಟಿ ಎಂದರೆ ಪೋಲೆಂಡಿನ ಹಣ) ದಂಡ ಅಥವಾ ಕೇವಲ ಛೀಮಾರಿ ಶಿಕ್ಷೆಯಾಗಬಹುದು. ಸಂಚಾರ ನಿಯಮಗಳ ಉಲ್ಲಂಘನೆಗೆ ಮಾತ್ರ 2022ರ ಜನವರಿಯಿಂದ ನ್ಯಾಯಾಲಯ 30,000 ಜ್ಲೋಟಿಯವರೆಗೆ ದಂಡ ಹಾಕಬಹುದು.

ಅನುವಾದದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಪದ ಇಂಗ್ಲಿಷಿನ ‘ಮಿಸ್‌ಡಿಮೀನರ್’. ಕೆಲವರು ಅದನ್ನು ವಿಸ್ತೆಂಪೆಕ್‌ಗೆ ಬಳಸಿದರೆ ಇನ್ನು ಕೆಲವರು ವಿಕ್ರೊಚೆನ್ಯೆಗೆ ಬಳಸುತ್ತಾರೆ. ಇಬ್ಬರು ಅನುವಾದಿಸಿದ ಕಾಗದಗಳು ಒಂದೇ ಕಡತ ಸೇರಿದರೆ ಓದುವ ಅಧಿಕಾರಿಗೆ ಎರಡು ಬೇರೆ ಹಂತದ ತಪ್ಪುಗಳು ಒಂದೇ ಎಂಬಂತೆ ತೋರುತ್ತವೆ. ಅಮೆರಿಕದ ಓದುಗನಿಗಂತೂ ಮಿಸ್‌ಡಿಮೀನರ್ ಎಂದರೆ ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯ ಸಣ್ಣ ತಪ್ಪು. ಆದರೆ ಪೋಲೆಂಡಿನಲ್ಲಿ ಆರು ತಿಂಗಳಿಂದ ಎಂಟು ವರ್ಷಗಳವರೆಗೆ ಸೆರೆವಾಸವಿರುವ ವಂಚನೆ, ಅಂದರೆ ‘ಒಶುಸ್ತ್ವೊ’, ಕೂಡ ವಿಸ್ತೆಂಪೆಕ್ ವರ್ಗಕ್ಕೇ ಸೇರುತ್ತದೆ. ಇಂಗ್ಲೆಂಡಿನಲ್ಲಿ ಫೆಲನಿ, ಅಂದರೆ ಗಂಭೀರ ಅಪರಾಧ, ಮತ್ತು ಮಿಸ್‌ಡಿಮೀನರ್ ಎಂಬ ವಿಂಗಡಣೆಯೇ 1967ರ ಕ್ರಿಮಿನಲ್ ಲಾ ಕಾಯ್ದೆಯೊಂದಿಗೆ ರದ್ದಾಯಿತು.

ಆದ್ದರಿಂದ ನನ್ನ ಸಲಹೆ ಇದು. ವಿಕ್ರೊಚೆನ್ಯೆಗೆ ‘ಪೆಟಿ ಆಫೆನ್ಸ್’, ಪ್ಶೆಸ್ತೆಂಪ್‌ಸ್ತ್ವೊಗೆ ‘ಕ್ರಿಮಿನಲ್ ಆಫೆನ್ಸ್’, ಜ್ಬ್ರೊದ್ನ್ಯಾಗೆ ‘ಸೀರಿಯಸ್ ಕ್ರಿಮಿನಲ್ ಆಫೆನ್ಸ್’ ಎಂದು ಬರೆಯಿರಿ. ವಿಸ್ತೆಂಪೆಕ್ ಎಂದೇ ಕಾಗದದಲ್ಲಿದ್ದರೆ ‘ಲೆಸ್ ಸೀರಿಯಸ್ ಕ್ರಿಮಿನಲ್ ಆಫೆನ್ಸ್’ ಎಂದು ಬರೆದು ಮೂಲ ಪೋಲಿಷ್ ಪದವನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಿ. ಸಣ್ಣ ಅಪರಾಧಗಳ ಸಂಹಿತೆಯನ್ನು ‘ಕೋಡ್ ಆಫ್ ಪೆಟಿ ಆಫೆನ್ಸಸ್’ ಎನ್ನಿ. ಒಮ್ಮೆ ಆರಿಸಿಕೊಂಡ ಪದವನ್ನು ಕೊನೆಯ ಪುಟದವರೆಗೂ ಬದಲಿಸಬೇಡಿ. ಕನ್ನಡದ ಪ್ರಬಂಧದಲ್ಲಿ ಒಂದೇ ಪದ ಮರುಕಳಿಸದಂತೆ ಬರೆಯುವುದನ್ನು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಕಾನೂನಿನ ಕಾಗದದಲ್ಲಿ ಪದ ಬದಲಾದರೆ ವಿಷಯವೇ ಬದಲಾಯಿತೆಂದು ಓದುಗ ಭಾವಿಸುತ್ತಾನೆ.

ಯಾವ ದೇಶದ ಇಂಗ್ಲಿಷ್?

ಅನುವಾದವನ್ನು ಓದುವವರು ಯಾರೆಂಬುದನ್ನು ಕೇಳಿ ತಿಳಿದುಕೊಂಡ ಮೇಲೆಯೇ ಮುಂದುವರಿಯಬೇಕು. ಲಂಡನ್ನಿನ ಅಧಿಕಾರಿ, ಅಮೆರಿಕದ ಕಾನ್ಸುಲೇಟ್, ಬೆಂಗಳೂರಿನ ಕಂಪನಿಯ ಮಾನವ ಸಂಪನ್ಮೂಲ ವಿಭಾಗ, ಈ ಮೂವರಿಗೂ ಇಂಗ್ಲಿಷ್ ಒಂದೇ ಆದರೂ ಕಾನೂನಿನ ಪದಗಳು ಮೂರು ಬೇರೆ ಮನೆಗಳಿಂದ ಬಂದವು. ಆದರೂ ಆಯಾ ದೇಶದ ಪಾರಿಭಾಷಿಕ ಪದವನ್ನು ಆತುರದಿಂದ ಎರವಲು ತರಬಾರದು. ‘ಸಮರಿ ಆಫೆನ್ಸ್’ ಎಂಬುದು ಇಂಗ್ಲೆಂಡಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ವ್ಯವಸ್ಥೆಯೊಂದಿಗೆ ಬೆಸೆದುಕೊಂಡ ಪದ. ಅದನ್ನು ಪೋಲಿಷ್ ಕಾಗದಕ್ಕೆ ಅಂಟಿಸಿದರೆ ಇಲ್ಲದ ವ್ಯವಸ್ಥೆಯೊಂದು ಅಲ್ಲಿದೆ ಎಂದು ಹೇಳಿದಂತಾಗುತ್ತದೆ. ಅರ್ಥವನ್ನು ನೇರವಾಗಿ ತಿಳಿಸುವ, ಯಾವ ದೇಶಕ್ಕೂ ಅಂಟಿಕೊಳ್ಳದ ಪದವೇ ಬಹುಪಾಲು ಸುರಕ್ಷಿತ.

ಕಳ್ಳತನದ ಕುಟುಂಬ

ಅತಿ ಹೆಚ್ಚು ಕಾಗದಗಳು ಬರುವುದೂ ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಮಾಮೂಲಿ ಕಳ್ಳತನವಾದ ಕ್ರಾಜೆಶ್ ದಂಡ ಸಂಹಿತೆಯ 278ನೇ ವಿಧಿಯಲ್ಲಿದೆ. ಶಿಕ್ಷೆ ಮೂರು ತಿಂಗಳಿಂದ ಐದು ವರ್ಷ. ಕದ್ದ ವಸ್ತುವಿನ ಬೆಲೆ 800 ಜ್ಲೋಟಿಯನ್ನು ಮೀರದಿದ್ದರೆ ಅದು ಸಣ್ಣ ಅಪರಾಧಗಳ ಸಂಹಿತೆಯ 119ನೇ ವಿಧಿಗೆ ಇಳಿಯುತ್ತದೆ. ಈ ಮಿತಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಮೊದಲು 500 ಜ್ಲೋಟಿ ಇತ್ತು. ಹೀಗೆ ಬೆಲೆಯ ಮೇಲೆ ಎರಡು ಸಂಹಿತೆಗಳಿಗೆ ಹಂಚಿಹೋಗುವ ಕೃತ್ಯಗಳನ್ನು ಪೋಲಿಷ್ ವಕೀಲರು ‘ಅರ್ಧ ಕತ್ತರಿಸಿದ ಕೃತ್ಯಗಳು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಆಸ್ತಿಗೆ ಹಾನಿ ಮಾಡುವುದು, ಕದ್ದ ಮಾಲನ್ನು ಕೊಳ್ಳುವುದು ಕೂಡ ಇದೇ ಗುಂಪಿಗೆ ಸೇರುತ್ತವೆ. ಎರಡೂ ಸಂದರ್ಭಗಳಲ್ಲಿ ಇಂಗ್ಲಿಷ್ ಪದ ‘ಥೆಫ್ಟ್’ ಆಗಿಯೇ ಇರಲಿ. ಸಂಹಿತೆಯ ಪೂರ್ತಿ ಹೆಸರೇ ವ್ಯತ್ಯಾಸವನ್ನು ಹೇಳುತ್ತದೆ. ‘ಪೆಟಿ ಥೆಫ್ಟ್’ ಎಂದು ಬರೆದರೆ ಅಮೆರಿಕದ ಕೆಲವು ರಾಜ್ಯಗಳ ನಿರ್ದಿಷ್ಟ ಅಪರಾಧದ ಹೆಸರಾಗಿಬಿಡುವುದರಿಂದ ನಾನು ಅದನ್ನು ತಪ್ಪಿಸುತ್ತೇನೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಬೆಲೆ ನೋಡಿ ಶಿಕ್ಷೆ ಇಳಿಸುವ ಕ್ರಮ ಬಂದಿದೆ: ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು, ಮೊದಲ ಬಾರಿಗೆ ಶಿಕ್ಷೆಗೊಳಗಾಗಿ, ಬೆಲೆಯನ್ನೋ ವಸ್ತುವನ್ನೋ ಹಿಂದಿರುಗಿಸಿದವನಿಗೆ 303ನೇ ಕಲಮಿನಲ್ಲಿ ಸಮುದಾಯ ಸೇವೆಯ ಶಿಕ್ಷೆಯಿದೆ. ಆದರೆ ನಮ್ಮಲ್ಲಿ ಆ ಕೃತ್ಯ ಬೇರೆ ಸಂಹಿತೆಗೆ ಹೋಗುವುದಿಲ್ಲ.

‘ಕ್ರಾಜೆಶ್ ಜ್ ವ್ವಾಮಾನ್ಯೆಮ್’ ಎಂಬುದನ್ನು ಬಹುತೇಕ ನಿಘಂಟುಗಳು ‘ಬರ್ಗ್ಲರಿ’ ಎನ್ನುತ್ತವೆ. ಮನೆಗೆ ಕನ್ನ ಹಾಕಿದ ಪ್ರಕರಣವಾದರೆ ಅದು ಸರಿಯೇ. ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಇದನ್ನು ಕನ್ನ ಕಳವು ಎನ್ನುತ್ತಾರೆ. ಆದರೆ ಪೋಲಿಷ್ ಪದದ ವ್ಯಾಪ್ತಿ ಕಟ್ಟಡಕ್ಕೆ ಸೀಮಿತವಲ್ಲ. ವಸ್ತುವನ್ನು ಕಾಯುವ ಯಾವುದೇ ತಡೆಯನ್ನು ಮುರಿದು ಕದ್ದರೂ, ಕಾರಿನ ಬೀಗ ಒಡೆದರೂ ಅದೇ ಹೆಸರು. ಇನ್ನೂ ಮುಂದೆ ಹೋಗಿ, ಬೇರೆಯವರ ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಪಿನ್ ಇಲ್ಲದೆ ಹಣ ಪಾವತಿಸುವುದೂ ತಡೆ ಮುರಿದು ಮಾಡಿದ ಕಳ್ಳತನವೇ ಎಂದು ಪೋಲೆಂಡಿನ ಸುಪ್ರೀಂ ಕೋರ್ಟ್ 2017ರ ಮಾರ್ಚ್ 22ರಂದು ಹೇಳಿದೆ. ಈ ಅಪರಾಧಕ್ಕೆ ಬೆಲೆಯ ಮಿತಿ ಅನ್ವಯಿಸದ ಕಾರಣ, ದಾರಿಯಲ್ಲಿ ಸಿಕ್ಕ ಕಾರ್ಡಿನಿಂದ ಒಂದು ಕಾಫಿ ಕೊಂಡವನ ಮೇಲೂ ಒಂದರಿಂದ ಹತ್ತು ವರ್ಷಗಳ ಶಿಕ್ಷೆಯ 279ನೇ ವಿಧಿ ಬೀಳಬಹುದು. ಇಂಗ್ಲೆಂಡಿನ 1968ರ ಥೆಫ್ಟ್ ಕಾಯ್ದೆಯ ಬರ್ಗ್ಲರಿಗೆ ಕಟ್ಟಡವೊಂದನ್ನು ಅತಿಕ್ರಮಿಸಿ ಪ್ರವೇಶಿಸಿರಬೇಕು. ಹಾಗಿರುವಾಗ ಕಾರ್ಡು ತಾಗಿಸಿದವನ ಕಾಗದದಲ್ಲಿ ಬರ್ಗ್ಲರಿ ಎಂದು ಬರೆದರೆ ಓದುವ ಅಧಿಕಾರಿಯ ಕಣ್ಣಮುಂದೆ ಒಡೆದ ಬಾಗಿಲೊಂದು ನಿಲ್ಲುತ್ತದೆ. ಇಂಥ ಕಡೆಗಳಲ್ಲಿ ‘ಥೆಫ್ಟ್ ಬೈ ಬ್ರೀಚಿಂಗ್ ಎ ಸೇಫ್‌ಗಾರ್ಡ್’ ಎಂದು ಬರೆದು, ಪೋಲಿಷ್ ಹೆಸರನ್ನು ಉಳಿಸಿ, ಒಂದು ವಾಕ್ಯದ ಅನುವಾದಕನ ಟಿಪ್ಪಣಿ ಸೇರಿಸುವುದು ಅಗತ್ಯ.

‘ರೊಜ್ಬುಯ್’ ಎಂದರೆ ಬಲಪ್ರಯೋಗ ಅಥವಾ ಕೂಡಲೇ ಹಲ್ಲೆ ಮಾಡುವ ಬೆದರಿಕೆಯಿಂದ ಕಸಿದುಕೊಳ್ಳುವುದು; ‘ರಾಬರಿ’ ಎಂಬ ಪದ ಇದಕ್ಕೆ ಮಾತ್ರ ಮೀಸಲಿರಲಿ. ಪತ್ರಿಕೆಗಳ ಭಾಷೆಯಲ್ಲಿ ಎಲ್ಲ ಕಳವೂ ರಾಬರಿಯಾಗುವ ರೂಢಿ ನಮ್ಮಲ್ಲಿಯೂ ಇದೆ, ಅದನ್ನು ಈ ಕಾಗದಕ್ಕೆ ತರಬಾರದು. 2020ರಲ್ಲಿ ದಂಡ ಸಂಹಿತೆಗೆ ‘ವಿಶೇಷ ದಿಟ್ಟತನದ ಕಳ್ಳತನ’ ಎಂಬರ್ಥದ ಹೊಸ ವಿಧಿ ಸೇರಿದೆ. ಮೈಮೇಲಿನ ಅಥವಾ ಬಟ್ಟೆಯೊಳಗಿನ ವಸ್ತುವನ್ನು ಕದಿಯುವುದು ಇದರಲ್ಲಿ ಬರುತ್ತದೆ. ಆದ್ದರಿಂದ ಜೇಬುಗಳ್ಳತನ ಮಾಡಿದವನು 50 ಜ್ಲೋಟಿ ಕದ್ದಿದ್ದರೂ ಅದು ವಿಕ್ರೊಚೆನ್ಯೆ ಆಗದೆ ಅಪರಾಧವೇ ಆಗುತ್ತದೆ. ಇಂಗ್ಲಿಷಿನಲ್ಲಿ ‘ಅಗ್ರವೇಟೆಡ್ ಥೆಫ್ಟ್’ ಎನ್ನುವುದಕ್ಕಿಂತ ‘ಪರ್ಟಿಕ್ಯುಲರ್ಲಿ ಬ್ರೇಜನ್ ಥೆಫ್ಟ್’ ಎಂದು ಅಕ್ಷರಾರ್ಥದಲ್ಲಿಯೇ ಇಡುವುದು ಮೇಲು.

ಉಳಿದವು ಸುಲಭ. ‘ಪಾಸೆರ್ಸ್ತ್ವೊ’ ಎಂದರೆ ‘ಹ್ಯಾಂಡ್ಲಿಂಗ್ ಸ್ಟೋಲನ್ ಗೂಡ್ಸ್’. ‘ಪ್ಶಿವ್ವಾಶ್ಚೆನ್ಯೆ’ ಎಂದರೆ ತನ್ನ ಬಳಿ ಆಗಲೇ ಇರುವ ಪರರ ವಸ್ತುವನ್ನು ತನ್ನದಾಗಿಸಿಕೊಳ್ಳುವುದು; ‘ಮಿಸ್‌ಅಪ್ರೋಪ್ರಿಯೇಶನ್’ ಸಾಕು. ಬೇರೆಯವರ ವಾಹನವನ್ನು ಸ್ವಲ್ಪ ಹೊತ್ತು ಓಡಿಸಲು ಮಾತ್ರ ಒಯ್ಯುವುದು 289ನೇ ವಿಧಿಯ ಪ್ರತ್ಯೇಕ ಅಪರಾಧ. ಅದನ್ನು ಕಾರು ಕಳ್ಳತನ ಎಂದು ಬರೆಯಬಾರದು, ‘ಟೇಕಿಂಗ್ ಎ ವೆಹಿಕಲ್ ಫಾರ್ ಶಾರ್ಟ್-ಟರ್ಮ್ ಯೂಸ್’ ಎನ್ನಬೇಕು.

ಕುಡಿತ ಮತ್ತು ವಾಹನ

ಪೋಲಿಷ್ ಕಾನೂನಿನಲ್ಲಿ ಮದ್ಯದ ಎರಡು ಸ್ಥಿತಿಗಳಿವೆ. ರಕ್ತದಲ್ಲಿ 0.2ರಿಂದ 0.5 ಪ್ರೊಮಿಲ್‌ವರೆಗೆ ಇದ್ದರೆ ‘ಸ್ತಾನ್ ಪೊ ಉಝಿಚ್ಯು’, ಅಂದರೆ ಮದ್ಯ ಸೇವಿಸಿದ ನಂತರದ ಸ್ಥಿತಿ. ಈ ಸ್ಥಿತಿಯಲ್ಲಿ ಮೋಟಾರು ವಾಹನ ಓಡಿಸುವುದು ಸಣ್ಣ ಅಪರಾಧಗಳ ಸಂಹಿತೆಯ 87ನೇ ವಿಧಿಯಡಿ ಬರುತ್ತದೆ. 0.5 ದಾಟಿದರೆ ‘ಸ್ತಾನ್ ನ್ಯೆತ್ಶೆಜ್ವೊಶ್ಚಿ’, ಅಂದರೆ ಅಮಲಿನ ಸ್ಥಿತಿ. ಅದು ದಂಡ ಸಂಹಿತೆಯ 178ಎ ವಿಧಿಯ ಅಪರಾಧ. ಮೊದಲನೆಯದನ್ನು ‘ಡ್ರೈವಿಂಗ್ ಆಫ್ಟರ್ ಕನ್ಸ್ಯೂಮಿಂಗ್ ಆಲ್ಕೋಹಾಲ್’ ಎಂದೂ ಎರಡನೆಯದನ್ನು ‘ಡ್ರೈವಿಂಗ್ ಇನ್ ಎ ಸ್ಟೇಟ್ ಆಫ್ ಇಂಟಾಕ್ಸಿಕೇಶನ್’ ಎಂದೂ ಬರೆಯಿರಿ. ಎರಡಕ್ಕೂ ‘ಡ್ರಂಕ್ ಡ್ರೈವಿಂಗ್’ ಎಂದು ಬರೆಯುವುದು ದೊಡ್ಡ ಅನ್ಯಾಯ.

ಅಂಕಿಗಳಲ್ಲಿಯೂ ಎಚ್ಚರ ಬೇಕು. ಪ್ರೊಮಿಲ್ ಎಂದರೆ ಸಾವಿರಕ್ಕೆ ಇಷ್ಟು ಎಂದು. ಅದರ ಚಿಹ್ನೆಯಲ್ಲಿ ಕೆಳಗೆ ಎರಡು ಸೊನ್ನೆಗಳಿರುತ್ತವೆ. ಬೆರಳಚ್ಚಿನಲ್ಲಿ ಒಂದು ಸೊನ್ನೆ ಬಿದ್ದುಹೋಗಿ ಶೇಕಡಾ ಚಿಹ್ನೆಯಾದರೆ ಪ್ರಮಾಣ ಹತ್ತು ಪಟ್ಟು ಹೆಚ್ಚುತ್ತದೆ. 0.5 ಪ್ರೊಮಿಲ್ ಎಂದರೆ ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು 50 ಮಿಲಿಗ್ರಾಂ. ಭಾರತದ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ, ಇಂಗ್ಲೆಂಡಿನದು 80. ಮೂಲದ ಅಂಕಿಯನ್ನು ಹಾಗೆಯೇ ಉಳಿಸಿ, ಬೇಕಿದ್ದರೆ ಟಿಪ್ಪಣಿಯಲ್ಲಿ ಮಿಲಿಗ್ರಾಂ ಲೆಕ್ಕ ಕೊಡಿ.

ಬೀದಿಯ ತಪ್ಪುಗಳು

ಸಣ್ಣ ಅಪರಾಧಗಳ ಸಂಹಿತೆಯ 51ನೇ ವಿಧಿಯಲ್ಲಿ ‘ವಿಬ್ರಿಕ್’ ಎಂಬ ಪದ ಬರುತ್ತದೆ. ಕೂಗಾಟ, ಗದ್ದಲ ಅಥವಾ ಇನ್ನಾವುದೇ ವಿಬ್ರಿಕ್‌ನಿಂದ ಸಾರ್ವಜನಿಕ ಶಾಂತಿಯನ್ನೋ ರಾತ್ರಿಯ ವಿಶ್ರಾಂತಿಯನ್ನೋ ಕದಡುವುದು ಅದರ ವಿಷಯ. ಬಾಡಿಗೆ ಮನೆಯಲ್ಲಿ ತಡರಾತ್ರಿಯವರೆಗೆ ಹಾಡು ಹಾಕಿಕೊಂಡ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಈ ವಿಧಿಯಡಿಯಲ್ಲಿಯೇ ದಂಡ ಬೀಳುತ್ತದೆ. ನಿಘಂಟು ಈ ಪದಕ್ಕೆ ತುಂಟಾಟ, ಚೇಷ್ಟೆ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಅವು ಕಾನೂನಿನ ತೂಕಕ್ಕೆ ಕಡಿಮೆಯಾಗುತ್ತವೆ. ‘ಡಿಸಾರ್ಡರ್ಲಿ ಆಕ್ಟ್’ ಎಂದರೆ ಸರಿಹೊಂದುತ್ತದೆ. ಅದೇ ವಿಧಿಯಲ್ಲಿ ಕೃತ್ಯವು ‘ಹುಲಿಗಾನ್ಸ್ಕಿ’, ಅಂದರೆ ಪುಂಡಾಟದ, ಸ್ವರೂಪದ್ದೆಂದು ಬರೆದಿದ್ದರೆ ಅದು ಬೈಗುಳವಲ್ಲ, ವ್ಯಾಖ್ಯಾನವಿರುವ ಪಾರಿಭಾಷಿಕ ಪದ. ಸಂಹಿತೆಗಳೇ ಅದರ ಲಕ್ಷಣಗಳನ್ನು ಹೇಳಿವೆ. ‘ಆಫ್ ಎ ಹೂಲಿಗನ್ ನೇಚರ್’ ಎಂದೇ ಬರೆಯಬೇಕು, ಮುಜುಗರವೆಂದು ಬಿಟ್ಟುಬಿಡಬಾರದು.

‘ಶಾಲ್ಬ್ಯೆರ್ಸ್ತ್ವೊ’ ಎಂಬುದು ಹಳೆಯ ಪೋಲಿಷ್ ಸೊಗಡಿನ ಪದ. ನಿಘಂಟಿನಲ್ಲಿ ವಂಚನೆ, ಮೋಸ ಎಂದೇ ಇರುತ್ತದೆ. ಆದರೆ 121ನೇ ವಿಧಿಯಲ್ಲಿ ಅದರ ಅರ್ಥ ಬಹಳ ಕಿರಿದು. ಹಣ ಕೊಡುವ ಉದ್ದೇಶವಿಲ್ಲದೆ ಹೋಟೆಲಿನಲ್ಲಿ ಊಟ ಮಾಡುವುದು, ಟ್ಯಾಕ್ಸಿಯಲ್ಲಿ ಹೋಗುವುದು, ಪ್ರದರ್ಶನಕ್ಕೆ ಒಳನುಗ್ಗುವುದು ಇಲ್ಲಿ ಬರುತ್ತವೆ. ಎರಡು ಬಾರಿ ವಿಧಿಸಿದ ಶುಲ್ಕವನ್ನು ಕಟ್ಟದೆ ಒಂದು ವರ್ಷದೊಳಗೆ ಮೂರನೆಯ ಬಾರಿ ಟಿಕೆಟ್ ಇಲ್ಲದೆ ರೈಲು, ಬಸ್ಸಿನಲ್ಲಿ ಪ್ರಯಾಣಿಸುವುದೂ ಇಲ್ಲಿಯೇ ಬರುತ್ತದೆ. ಇದನ್ನು ‘ಫ್ರಾಡ್’ ಎಂದು ಅನುವಾದಿಸಿದರೆ ದಂಡ ಸಂಹಿತೆಯ 286ನೇ ವಿಧಿಯ ಒಶುಸ್ತ್ವೊ ಜೊತೆ ಬೆರೆತುಹೋಗುತ್ತದೆ. ಫ್ರಾಡ್ ಎಂಬ ಒಂದು ಪದ ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕ್ಷೇತ್ರದ ಉದ್ಯೋಗಗಳ ಬಾಗಿಲನ್ನೇ ಮುಚ್ಚಿಬಿಡಬಹುದು. ‘ಡಿಸ್‌ಆನೆಸ್ಟ್ಲಿ ಆಬ್ಟೇನಿಂಗ್ ಎ ಸರ್ವಿಸ್ ವಿದೌಟ್ ಪೇಮೆಂಟ್’ ಎಂದು ಬಿಡಿಸಿ ಬರೆಯಿರಿ.

ಟಿಕೆಟ್ ಇಲ್ಲದ ಪ್ರಯಾಣಕ್ಕೆ ಆಡುಮಾತಿನಲ್ಲಿ ‘ಯಾಜ್ದಾ ನಾ ಗಾಪೆಂ’ ಎನ್ನುತ್ತಾರೆ. ಮೊದಲ ಬಾರಿ ಸಿಕ್ಕಿಬಿದ್ದಾಗ ಟಿಕೆಟ್ ಪರೀಕ್ಷಕರು ಕೊಡುವ ಚೀಟಿಯನ್ನು ಜನ ‘ಮಾಂದಾತ್’ ಎಂದು ಕರೆದರೂ ಕಾನೂನಿನಲ್ಲಿ ಅದು ‘ಒಪ್ವಾತಾ ದೊದಾತ್ಕೊವಾ’, ಅಂದರೆ ಹೆಚ್ಚುವರಿ ಶುಲ್ಕ. ಅದು ಅಪರಾಧದ ದಂಡವೇ ಅಲ್ಲ, ಸಾರಿಗೆ ಒಪ್ಪಂದದ ಹಣ. ‘ಅಡಿಷನಲ್ ಚಾರ್ಜ್’ ಎಂದಷ್ಟೇ ಬರೆಯಿರಿ. ಇಲ್ಲಿ ‘ಫೈನ್’ ಬೇಡ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಪದ ಬಳಸುವುದು 141ನೇ ವಿಧಿಯಲ್ಲಿ ಬರುತ್ತದೆ ಮತ್ತು ಅದಕ್ಕೆ 1,500 ಜ್ಲೋಟಿಯವರೆಗೆ ದಂಡವಿದೆ; 140ನೇ ವಿಧಿಯದು ಅಸಭ್ಯ ವರ್ತನೆ. ಇವೆರಡನ್ನೂ ಲೈಂಗಿಕ ಅಪರಾಧ ಎಂಬ ಛಾಯೆ ಬಾರದಂತೆ, ‘ಯೂಸಿಂಗ್ ಅಬ್ಸೀನ್ ವರ್ಡ್ಸ್’, ‘ಇಂಡೀಸೆಂಟ್ ಬಿಹೇವಿಯರ್ ಇನ್ ಪಬ್ಲಿಕ್’ ಎಂದು ಮೂಲದಲ್ಲಿರುವಷ್ಟನ್ನೇ ಬರೆಯಬೇಕು.

ಜಗಳ ಮತ್ತು ಮನೆ

‘ಪೊಬಿಚ್ಯೆ’ ಎಂದರೆ ಮನೆಮಾತಿನಲ್ಲಿ ಹೊಡೆತ. ಕಾನೂನಿನಲ್ಲಿ ಅದಕ್ಕೆ ಹೊಡೆಯುವವರು ಕನಿಷ್ಠ ಇಬ್ಬರಿರಬೇಕು. ‘ಬುಯ್ಕಾ’ದಲ್ಲಿ ಎಲ್ಲರೂ ಎಲ್ಲರನ್ನೂ ಹೊಡೆಯುತ್ತಾರೆ. ಮೊದಲನೆಯದು ‘ಗ್ರೂಪ್ ಬೀಟಿಂಗ್’, ಎರಡನೆಯದು ‘ಬ್ರಾಲ್’. ಒಬ್ಬನು ಇನ್ನೊಬ್ಬನ ಕೆನ್ನೆಗೆ ಹೊಡೆದರೆ ಅದು ಬಹುಮಟ್ಟಿಗೆ ದಂಡ ಸಂಹಿತೆಯ 217ನೇ ವಿಧಿಯ ‘ಶಾರೀರಿಕ ಅಸ್ಪೃಶ್ಯತೆಯ ಭಂಗ’. ಇಲ್ಲಿ ಅಸ್ಪೃಶ್ಯತೆ ಎಂದರೆ ತನ್ನ ಮೈಯನ್ನು ಯಾರೂ ಮುಟ್ಟಬಾರದೆಂಬ ಹಕ್ಕು, ನಮ್ಮ ಸಮಾಜದ ಪಿಡುಗಲ್ಲ. ‘ಬ್ರೀಚ್ ಆಫ್ ಫಿಸಿಕಲ್ ಇಂಟಿಗ್ರಿಟಿ’ ಎಂದು ಅನುವಾದಿಸಿ. ಇದು ಖಾಸಗಿ ದೂರಿನ ಮೇಲೆ ನಡೆಯುವ ಪ್ರಕರಣವೆಂಬುದನ್ನು ಕಾಗದ ಹೇಳಿದ್ದರೆ ಅದನ್ನು ಬಿಡಬೇಡಿ.

ದಂಡ ಸಂಹಿತೆಯ 193ನೇ ವಿಧಿಯಲ್ಲಿರುವ ‘ಮಿರ್ ದೊಮೊವಿ’ ಎಂದರೆ ಮನೆಯ ನೆಮ್ಮದಿ. ಅದರ ಭಂಗಕ್ಕೆ ಬರಿಯ ‘ಟ್ರೆಸ್‌ಪಾಸ್’ ಎಂದರೆ ಇಂಗ್ಲೆಂಡಿನ ಓದುಗ ಅದನ್ನು ಬಹುಪಾಲು ಸಿವಿಲ್ ವ್ಯಾಜ್ಯವೆಂದುಕೊಳ್ಳುತ್ತಾನೆ. ಭಾರತದ ಓದುಗನಿಗಾದರೆ ‘ಹೌಸ್-ಟ್ರೆಸ್‌ಪಾಸ್’ ಎಂಬ ನಮ್ಮದೇ ಪದ ಚೆನ್ನಾಗಿ ಒಪ್ಪುತ್ತದೆ. ಉಳಿದವರಿಗೆ ‘ವಯಲೇಶನ್ ಆಫ್ ಡೊಮಿಸೈಲ್’ ಇರಲಿ.

ಶಿಕ್ಷೆಯ ಪದಗಳು

‘ಆರೆಶ್ತ್’ ಎಂಬುದು ಕಿವಿಗೆ ‘ಅರೆಸ್ಟ್’ ಎಂದೇ ಕೇಳಿಸುತ್ತದೆ. ಆದರೆ ಅದು ವಿಕ್ರೊಚೆನ್ಯೆಗೆ ನ್ಯಾಯಾಲಯ ವಿಧಿಸುವ ಐದರಿಂದ ಮೂವತ್ತು ದಿನಗಳ ಸೆರೆಶಿಕ್ಷೆ. ‘ಷಾರ್ಟ್-ಟರ್ಮ್ ಕಸ್ಟಡಿಯಲ್ ಪೆನಲ್ಟಿ’ ಎಂದು ಬರೆಯಿರಿ. ಪೊಲೀಸರು ಹಿಡಿದುಕೊಳ್ಳುವುದಕ್ಕೆ ‘ಜಾತ್ಶಿಮಾನ್ಯೆ’ ಎಂಬ ಬೇರೆ ಪದವಿದೆ. ಸಂವಿಧಾನದ 41ನೇ ವಿಧಿಯ ಪ್ರಕಾರ ಅದಕ್ಕೆ 48 ಗಂಟೆಗಳ ಮಿತಿಯಿದೆ, ಅಷ್ಟರೊಳಗೆ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಇಂಗ್ಲಿಷಿನ ಅರೆಸ್ಟ್ ಇದಕ್ಕೇ ಹತ್ತಿರ. ವಿಚಾರಣೆ ಮುಗಿಯುವವರೆಗೆ ಸೆರೆಯಲ್ಲಿಡುವುದು ‘ತಿಮ್ಚಾಸೊವೆ ಆರೆಶ್ತೊವಾನ್ಯೆ’, ಅಂದರೆ ‘ಪ್ರೀ-ಟ್ರಯಲ್ ಡಿಟೆನ್ಶನ್’. ಒಂದೇ ಬೇರಿನ ಈ ಮಾತುಗಳು ಒಂದೇ ಪುಟದಲ್ಲಿ ಬರಬಹುದು.

‘ಒಗ್ರಾನಿಚೆನ್ಯೆ ವೊಲ್ನೋಶ್ಚಿ’ ಎಂದರೆ ಸ್ವಾತಂತ್ರ್ಯದ ನಿರ್ಬಂಧ. ಇದು ಜೈಲಲ್ಲ. ಸಾಮಾನ್ಯವಾಗಿ ತಿಂಗಳಿಗೆ 20ರಿಂದ 40 ಗಂಟೆಗಳ ಸಂಬಳವಿಲ್ಲದ ಸಮುದಾಯ ಕೆಲಸ ಇದರ ರೂಪ. ‘ರಿಸ್ಟ್ರಿಕ್ಷನ್ ಆಫ್ ಲಿಬರ್ಟಿ’ ಎಂದು ಬರೆದು, ಕಾಗದದಲ್ಲಿ ಕೆಲಸದ ಗಂಟೆಗಳಿದ್ದರೆ ಅವನ್ನು ತಪ್ಪದೆ ಅನುವಾದಿಸಿ. ‘ನಾಗಾನಾ’ ಎಂದರೆ ‘ರೆಪ್ರಿಮಾಂಡ್’.

‘ಗ್ಝಿವ್ನಾ’ ಎರಡೂ ಸಂಹಿತೆಗಳ ದಂಡ. ಸಣ್ಣ ಅಪರಾಧಕ್ಕೆ ಅದು ನೇರ ಮೊತ್ತವಾಗಿರುತ್ತದೆ. ದಂಡ ಸಂಹಿತೆಯಲ್ಲಿ ಅದು ದಿನದರಗಳ ಲೆಕ್ಕದಲ್ಲಿರುತ್ತದೆ, ಅಂದರೆ ಇಷ್ಟು ದಿನಗಳು, ದಿನಕ್ಕೆ ಇಷ್ಟು ಹಣ ಎಂದು. ತಲಾ 20 ಜ್ಲೋಟಿಯ 100 ದಿನದರ ಎಂದಿದ್ದರೆ ಎರಡೂ ಅಂಕಿಗಳನ್ನು ಬರೆಯಿರಿ, ಗುಣಿಸಿ 2,000 ಎಂದು ಮಾತ್ರ ಬರೆಯಬೇಡಿ. ದಿನದರ ಕಂಡಿತೆಂದರೆ ಅದು ವಿಕ್ರೊಚೆನ್ಯೆ ಅಲ್ಲವೆಂಬ ಸುಳಿವೂ ಹೌದು. ‘ಮಾಂದಾತ್ ಕಾರ್ನಿ’ ಎಂದರೆ ಪೊಲೀಸರೋ ನಗರ ಕಾವಲು ಪಡೆಯವರೋ ಸ್ಥಳದಲ್ಲಿ ಹಾಕುವ ದಂಡ. ‘ಆನ್-ದ-ಸ್ಪಾಟ್ ಫೈನ್’ ಸಾಕು. ಅದನ್ನು ನಿರಾಕರಿಸುವ ಹಕ್ಕಿದೆ, ನಿರಾಕರಿಸಿದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಒಮ್ಮೆ ಸಹಿ ಹಾಕಿ ಪಡೆದ ಮೇಲೆ ರದ್ದುಪಡಿಸುವುದು ಬಹಳ ಕಷ್ಟ.

ಮನುಷ್ಯರ ಹೆಸರುಗಳು ಮತ್ತು ಒಂದು ಮಾದರಿ

ವಿಕ್ರೊಚೆನ್ಯೆ ಪ್ರಕರಣದಲ್ಲಿ ಆರೋಪ ಹೊತ್ತವನು ‘ಒಬ್ವಿನ್ಯೊನಿ’, ಅಪರಾಧ ಪ್ರಕರಣ ನ್ಯಾಯಾಲಯಕ್ಕೆ ಹೋದ ಮೇಲೆ ‘ಒಸ್ಕಾರ್ಝೊನಿ’, ತನಿಖೆಯ ಹಂತದಲ್ಲಿ ‘ಪೊದೆಯ್ಝಾನಿ’. ಕ್ರಮವಾಗಿ ‘ಪರ್ಸನ್ ಚಾರ್ಜ್ಡ್ ವಿತ್ ಎ ಪೆಟಿ ಆಫೆನ್ಸ್’, ‘ಅಕ್ಯೂಸ್ಡ್’, ‘ಸಸ್ಪೆಕ್ಟ್’ ಎಂದು ಬಳಸಿ. ನಷ್ಟ ಅನುಭವಿಸಿದವನು ‘ಪೊಕ್ಷಿವ್ಜೊನಿ’. ‘ಇಂಜರ್ಡ್ ಪಾರ್ಟಿ’ ಎನ್ನಬಹುದು.

ಇಂಥ ಕಾಗದದಲ್ಲಿ ಸಾಮಾನ್ಯವಾಗಿ ಬರುವ ವಾಕ್ಯದ ಜೋಡಣೆಯನ್ನು ನೋಡೋಣ. ‘ಒಬ್ವಿನ್ಯೊನಿ ಒ ತೊ, ಝೆ’ ಎಂದು ಆರಂಭವಾಗಿ, ದಿನಾಂಕ, ಊರು, ಅಂಗಡಿ ಬಂದು, ‘ದೊಕೊನಾವ್ ಕ್ರಾಜೆಝಿ’ ಎಂಬ ಕ್ರಿಯೆ, ವಸ್ತುಗಳು, 186 ಜ್ಲೋಟಿ ಎಂಬ ಬೆಲೆ, ‘ನಾ ಶ್ಕೊದೆಂ’ ಎಂದು ಅಂಗಡಿಯ ಹೆಸರು, ಕೊನೆಗೆ ‘ತೊ ಯೆಸ್ತ್ ಒ ವಿಕ್ರೊಚೆನ್ಯೆ’ ಎಂದು ವಿಧಿಯ ಸಂಖ್ಯೆ. ಇದರ ಇಂಗ್ಲಿಷ್ ಹೀಗಿರಲಿ: ‘ಚಾರ್ಜ್ಡ್ ವಿತ್ ಹ್ಯಾವಿಂಗ್ ಕಮಿಟೆಡ್, ಆನ್ 14 ಮಾರ್ಚ್ 2024 ಇನ್ ಕ್ರಾಕುವ್, ದ ಥೆಫ್ಟ್ ಆಫ್ ಫುಡ್ ಐಟಮ್ಸ್ ವಿತ್ ಎ ಟೋಟಲ್ ವ್ಯಾಲ್ಯೂ ಆಫ್ 186 ಜ್ಲೋಟಿ, ಟು ದ ಡೆಟ್ರಿಮೆಂಟ್ ಆಫ್ ದ ಶಾಪ್, ದಟ್ ಈಸ್, ಎ ಪೆಟಿ ಆಫೆನ್ಸ್ ಅಂಡರ್ ಆರ್ಟಿಕಲ್ 119 ಪ್ಯಾರಾಗ್ರಾಫ್ 1 ಆಫ್ ದ ಕೋಡ್ ಆಫ್ ಪೆಟಿ ಆಫೆನ್ಸಸ್’. ಕೊನೆಯ ತುಂಡನ್ನು ಸಂಕ್ಷೇಪಾಕ್ಷರದಲ್ಲಿ ಬಿಡದೆ ಪೂರ್ತಿ ಬಿಡಿಸಿರುವುದನ್ನು ಗಮನಿಸಿ. ‘ದೊಕೊನಾವ್’ ಎಂಬುದು ಮುಗಿದ ಕ್ರಿಯೆ. ಅದರ ಹಿಂದೆ ‘ಉಶಿವೊವಾವ್’ ಎಂದಿದ್ದರೆ ಪ್ರಯತ್ನ ಮಾತ್ರ ನಡೆದಿದೆ. ‘ಅಟೆಂಪ್ಟೆಡ್’ ಎಂಬ ಪದ ಬಿಟ್ಟುಹೋದರೆ ವಾಕ್ಯ ಸುಳ್ಳಾಗುತ್ತದೆ.

ಆದೇಶ ಬಂದಾಗ

ಸಣ್ಣ ಪ್ರಕರಣಗಳಲ್ಲಿ ವಿಚಾರಣೆಯಿಲ್ಲದೆ ಕಾಗದಪತ್ರ ನೋಡಿ ಕೊಡುವ ತೀರ್ಪಿಗೆ ‘ವಿರೊಕ್ ನಾಕಾಜೊವಿ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಪೀನಲ್ ಆರ್ಡರ್’. ಇದರ ವಿರುದ್ಧ ತಲುಪಿದ ಏಳು ದಿನಗಳೊಳಗೆ ಸಲ್ಲಿಸುವ ‘ಸ್ಪ್ಶೆಚಿವ್’ ಅನ್ನು ‘ಅಪೀಲ್’ ಎನ್ನಬಾರದು, ‘ಆಬ್ಜೆಕ್ಷನ್’ ಎನ್ನಬೇಕು. ಆಕ್ಷೇಪ ಸಲ್ಲಿಸಿದರೆ ಆ ತೀರ್ಪು ಬಲ ಕಳೆದುಕೊಂಡು ಪ್ರಕರಣ ಸಾಮಾನ್ಯ ವಿಚಾರಣೆಗೆ ಹೋಗುತ್ತದೆ; ಮೇಲ್ಮನವಿಯ ಸ್ವರೂಪವೇ ಬೇರೆ. ನಿಮ್ಮ ಕೈಯಲ್ಲಿ ಇಂಥ ಆದೇಶವಿದ್ದರೆ ಅನುವಾದ ಪೂರ್ತಿಯಾಗುವವರೆಗೆ ಕಾಯದೆ ಮೊದಲು ಈ ಏಳು ದಿನಗಳ ಲೆಕ್ಕ ಹಾಕಿ, ಅಲ್ಲಿನ ವಕೀಲರನ್ನು ಕಾಣಿ. ಪೋಲಿಷ್ ಬಾರದ ಆರೋಪಿಗೆ ದುಭಾಷಿಯ ನೆರವನ್ನು ಉಚಿತವಾಗಿ ಪಡೆಯುವ ಹಕ್ಕು ಅಲ್ಲಿನ ಕಾನೂನಿನಲ್ಲಿದೆ.

ಪೋಲೆಂಡಿನ ರಾಷ್ಟ್ರೀಯ ಅಪರಾಧ ನೋಂದಣಿಯಾದ ‘ಕ್ರಾಯೊವಿ ರೆಯೆಸ್ತ್ರ್ ಕಾರ್ನಿ’ಯಲ್ಲಿ ವಿಕ್ರೊಚೆನ್ಯೆಗಳ ಪೈಕಿ ಆರೆಶ್ತ್ ಶಿಕ್ಷೆಯಾದವು ಮಾತ್ರ ದಾಖಲಾಗುತ್ತವೆ, ಬರಿಯ ದಂಡ ಕಟ್ಟಿದವು ದಾಖಲಾಗುವುದಿಲ್ಲ. ಆದ್ದರಿಂದ ಅಲ್ಲಿಂದ ಪಡೆದ ಪ್ರಮಾಣಪತ್ರದಲ್ಲಿ ಏನೂ ಇಲ್ಲವೆಂದು ಬಂದರೂ, ವೀಸಾ ಅರ್ಜಿ ದಂಡಗಳನ್ನೂ ಕೇಳಿದ್ದರೆ ಅದನ್ನು ಬರೆಯಲೇಬೇಕು. ಪ್ರಶ್ನೆಯಲ್ಲಿರುವ ಪದಗಳನ್ನು ನಿಮ್ಮ ಅನುವಾದದ ಪದಗಳ ಪಕ್ಕದಲ್ಲಿಟ್ಟು ಓದಿ ಉತ್ತರಿಸಿ.

ಅಧಿಕೃತವಾಗಿ ಸಲ್ಲಿಸಲು ಪ್ರಮಾಣವಚನ ಪಡೆದ ಅನುವಾದಕರ, ಅಂದರೆ ‘ತ್ವುಮಾಚ್ ಪ್ಶಿಶೆಂಗ್ವಿ’ಯ, ಮುದ್ರೆ ಬೇಕಾಗಬಹುದು. ಇವರ ವೃತ್ತಿಯನ್ನು 2004ರ ನವೆಂಬರ್ 25ರ ಕಾಯ್ದೆ ನಿಯಂತ್ರಿಸುತ್ತದೆ. ಪಟ್ಟಿಯನ್ನು ಅಲ್ಲಿನ ನ್ಯಾಯ ಸಚಿವಾಲಯ ಇಟ್ಟುಕೊಂಡಿದೆ, ಭಾಷೆಯ ಹೆಸರಿನಿಂದ ಹುಡುಕಬಹುದು. ಕೆಲಸ ಒಪ್ಪಿಸುವಾಗ ಯಾವ ದೇಶದ ಯಾವ ಕಚೇರಿಗೆ ಹೋಗುವ ಅನುವಾದವೆಂದು ತಿಳಿಸಿ. ನಿಮ್ಮ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬಂದಿದೆಯೇ, ವಿಕ್ರೊಚೆನ್ಯೆಗೆ ಎಲ್ಲ ಪುಟಗಳಲ್ಲಿಯೂ ಒಂದೇ ಪದವಿದೆಯೇ, ಸಂಹಿತೆಯ ಹೆಸರು ಪೂರ್ತಿಯಾಗಿದೆಯೇ, ಮೊತ್ತ ಮತ್ತು ದಿನಾಂಕಗಳು ಮೂಲಕ್ಕೆ ತಾಳೆಯಾಗುತ್ತವೆಯೇ ಎಂಬುದನ್ನು ಮುದ್ರೆ ಬೀಳುವ ಮುನ್ನವೇ ಕರಡು ಪ್ರತಿಯಲ್ಲಿ ನೋಡಿಕೊಳ್ಳಿ, ಏಕೆಂದರೆ ಮುದ್ರೆಯಾದ ಮೇಲೆ ಒಂದು ಪದ ತಿದ್ದಬೇಕಾದರೂ ಅನುವಾದಕರೇ ಹೊಸದಾಗಿ ದೃಢೀಕರಿಸಿ ಕೊಡಬೇಕಾಗುತ್ತದೆ.